ಯಾರ ಹೆಜ್ಜೆಯ ಅಳತೆ?

ಹುಲ್ಲುಹಾಸಿನ ಮೇಲೆ ನಡೆಯಲೆಂದು ಕಲ್ಲುಗಳನ್ನು ಸಾಲಾಗಿ ಹುಗಿಸುವುದರಲ್ಲಿ ಯೋಚಿಸುವಂಥದ್ದು ಏನಿದೆ ಎಂದು ಯಾರಾದರೂ ಕೇಳಬಹುದು. ಅಡಿ ಅಗಲದ ಹತ್ತು ಹನ್ನೆರಡು ಚಪ್ಪಡಿಗಳು, ನಾಲ್ಕು ಬಾಂಡ್ಲಿ ಮರಳು, ಮೇಸ್ತ್ರಿಗೆ ಒಂದು ದಿನದ ಕೂಲಿ. ಅಷ್ಟರಲ್ಲಿ ಕೆಲಸ ಮುಗಿಯುತ್ತದೆ. ಆದರೆ ಮೊದಲ ಕಲ್ಲಿನಿಂದ ಎರಡನೆಯ ಕಲ್ಲು ಎಷ್ಟು ದೂರದಲ್ಲಿರಬೇಕು ಎಂಬ ಪ್ರಶ್ನೆ ಬಂದ ಕೂಡಲೇ ಅದು ಬರೀ ಗಾರೆ ಕೆಲಸವಾಗಿ ಉಳಿಯುವುದಿಲ್ಲ. ಕಲ್ಲು ಇಡುವವನು ಮುಂದೆ ಆ ದಾರಿಯಲ್ಲಿ ನಡೆಯಲಿರುವ ಎಲ್ಲರ ಹೆಜ್ಜೆಯ ಉದ್ದವನ್ನು ಅವರನ್ನು ಕೇಳದೆಯೇ ತೀರ್ಮಾನಿಸಿಬಿಡುತ್ತಾನೆ. ಅವರಲ್ಲಿ ಅನೇಕರನ್ನು ಅವನು ಕಂಡೂ ಇರುವುದಿಲ್ಲ. ಇನ್ನೊಬ್ಬರ ಹೆಜ್ಜೆಯನ್ನು ಅಳೆದು ಕೊಡುವ ಅಧಿಕಾರ ಯಾರಿಗಾದರೂ ಎಲ್ಲಿಂದ ಬರುತ್ತದೆ? ಬಂದ ಮೇಲೆ, ಯಾರ ಕಾಲನ್ನು ಮುಂದಿಟ್ಟುಕೊಂಡು ಅದನ್ನು ಚಲಾಯಿಸಬೇಕು?

ಇದನ್ನು ನೀತಿಯ ಪ್ರಶ್ನೆ ಎಂದು ಕರೆಯಲು ನನಗೆ ಧೈರ್ಯ ಕೊಟ್ಟದ್ದು ನಾನು ಕಲಿತ ಎರಡು ಭಾಷೆಗಳು. ಕನ್ನಡದಲ್ಲಿ 'ನಡೆ' ಎಂದರೆ ಕಾಲಿನ ನಡಿಗೆಯೂ ಹೌದು, ಬಾಳುವ ರೀತಿಯೂ ಹೌದು. ನಡತೆ, ನಡವಳಿಕೆ, ನಡೆನುಡಿ ಎಲ್ಲವೂ ಕಾಲಿನಿಂದ ಹುಟ್ಟಿದ ಮಾತುಗಳೇ. ಉರ್ದು ತರಗತಿಯಲ್ಲಿ ಒಬ್ಬ ಹುಡುಗನ ಗುಣದ ಬಗ್ಗೆ ಹೇಳಬೇಕಾದಾಗ ಮೇಷ್ಟ್ರು 'ಚಾಲ್‌ಚಲನ್' ಎನ್ನುತ್ತಿದ್ದರು. ಅದೂ 'ಚಲ್ನಾ', ಅಂದರೆ ನಡೆಯುವುದು ಎಂಬ ಕ್ರಿಯೆಯಿಂದ ಬಂದ ಪದ. ಇವೆರಡಕ್ಕಿಂತಲೂ ನನಗೆ ಹೆಚ್ಚು ಇಷ್ಟವಾದದ್ದು ಫಾರ್ಸಿಯಿಂದ ಉರ್ದುವಿಗೆ ಬಂದ 'ರವಿಶ್' ಎಂಬ ಶಬ್ದ. ಒಬ್ಬ ಮನುಷ್ಯನ ವರ್ತನೆ, ಅವನ ರೀತಿ ರಿವಾಜು ಎಂಬುದು ಅದರ ಒಂದು ಅರ್ಥ. ಹೂದೋಟದ ಪಾತಿಗಳ ನಡುವೆ ನಡೆದಾಡಲು ಬಿಟ್ಟ ಹಾದಿ ಎಂಬುದು ಇನ್ನೊಂದು ಅರ್ಥ. ತೋಟದ ದಾರಿಗೂ ಮನುಷ್ಯನ ನಡತೆಗೂ ಒಂದೇ ಹೆಸರಿಟ್ಟ ಜನ ಏನೋ ಕಂಡುಕೊಂಡೇ ಹಾಗೆ ಮಾಡಿರಬೇಕು.

ಮೊದಲು ಹುಲ್ಲುಹಾಸಿನ ವಿಷಯಕ್ಕೆ ಬರೋಣ. ನಮ್ಮ ಹಳೆಯ ಮನೆಗಳ ಮುಂದೆ ಇದ್ದದ್ದು ಅಂಗಳ. ಅದು ಇದ್ದದ್ದೇ ತುಳಿಯುವುದಕ್ಕೆ. ಸಗಣಿ ಸಾರಿಸಿದ ಆ ನೆಲದ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು, ಹಪ್ಪಳ ಒಣಗುತ್ತಿತ್ತು, ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದರು, ಮದುವೆಗೆ ಚಪ್ಪರ ಏಳುತ್ತಿತ್ತು. ಎಲ್ಲಿ ಕಾಲಿಡಬೇಕು ಎಂದು ಅಲ್ಲಿ ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಲಾನ್ ಎಂಬುದು ಬೇರೆಯ ಜಾತಿಯದು. ಇಂಗ್ಲೆಂಡಿನ ಜಮೀನ್ದಾರರ ದೊಡ್ಡ ಮನೆಗಳ ಮುಂದೆ, ಬೆಳೆ ತೆಗೆಯುವ ಅಗತ್ಯವಿಲ್ಲದವರ ನೆಲವಾಗಿ ಅದು ಬೆಳೆಯಿತು. ಕುರಿಗಳು ಮೇಯ್ದು, ಆಳುಗಳು ಕುಡುಗೋಲಿನಿಂದ ಸವರಿ ಅದನ್ನು ಮಟ್ಟವಾಗಿ ಇಡಬೇಕಿತ್ತು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬಾತ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಬಟ್ಟೆ ಗಿರಣಿಯಲ್ಲಿ ಉಣ್ಣೆಬಟ್ಟೆಯ ಮೇಲಿನ ಜುಂಗನ್ನು ಸವರುತ್ತಿದ್ದ ಯಂತ್ರ ಅವನಿಗೆ ಮಾದರಿಯಾಗಿತ್ತು. ಆ ಬಳಿಕ ಲಾನ್ ಮಧ್ಯಮ ವರ್ಗದವರ ಮನೆಯಂಗಳಕ್ಕೂ ಇಳಿಯಿತು.

ನಮ್ಮಲ್ಲಿಗೆ ಅದು ಬಂದದ್ದು ದಂಡು ಪ್ರದೇಶದ ಬಂಗಲೆಗಳ ಜೊತೆ. ಇಂದು ನಾವು ತಾಜಮಹಲಿನ ಮುಂದೆ ನೋಡುವ ಹಸಿರು ಹಾಸು ಕೂಡ ಷಾಜಹಾನನದಲ್ಲ. ಮೊಗಲರ ಚಾರ್‌ಬಾಗ್‌ನಲ್ಲಿ ಹಣ್ಣಿನ ಮರಗಳು, ಹೂಗಿಡಗಳು ಇದ್ದವು. ನಡೆಯುವ ಹಾದಿಗಳು ಪಾತಿಗಳಿಗಿಂತ ಎತ್ತರದಲ್ಲಿದ್ದು, ನಡೆಯುವವನ ಕಾಲು ಗಿಡದ ಬುಡಕ್ಕೆ ಹೋಗುವ ಸಂದರ್ಭವೇ ಕಡಿಮೆಯಾಗಿತ್ತು. 1899ರಿಂದ 1905ರವರೆಗೆ ವೈಸರಾಯ್ ಆಗಿದ್ದ ಲಾರ್ಡ್ ಕರ್ಜನ್ ಕೈಗೊಂಡ ದುರಸ್ತಿಯಲ್ಲಿ ಆ ತೋಟಕ್ಕೆ ಇಂಗ್ಲಿಷ್ ಲಾನ್‌ನ ರೂಪ ಬಂತು. ಹೀಗೆ ಬಂದ ಹುಲ್ಲುಹಾಸಿನಲ್ಲಿ ಒಂದು ವಿಚಿತ್ರವಿದೆ. ಅದು ಎಲ್ಲ ಕಡೆಯೂ ತೆರೆದಿರುವಂತೆ ಕಾಣುತ್ತದೆ, ಬೇಲಿಯಿಲ್ಲ, ಗೋಡೆಯಿಲ್ಲ. ಆದರೂ ಎಲ್ಲಿಯೂ ಕಾಲಿಡುವಂತಿಲ್ಲ. 'ಹುಲ್ಲಿನ ಮೇಲೆ ನಡೆಯಬೇಡಿ' ಎಂಬ ಫಲಕವನ್ನು ನಾವು ಪಾರ್ಕುಗಳಲ್ಲಿ ಓದಿಕೊಂಡೇ ಬೆಳೆದಿದ್ದೇವೆ.

ಈ ಫಲಕಕ್ಕೂ ಒಂದು ನ್ಯಾಯವಿದೆ ಎಂಬುದನ್ನು ಮರೆಯಬಾರದು. ಒಂದೇ ಜಾಗದಲ್ಲಿ ದಿನವೂ ಕಾಲು ಬಿದ್ದರೆ ಕೆಳಗಿನ ಮಣ್ಣು ಒತ್ತಿ ಗಟ್ಟಿಯಾಗುತ್ತದೆ. ಮಣ್ಣಿನ ಕಣಗಳ ನಡುವೆ ಗಾಳಿ ಆಡುವ ಸಂದುಗಳು ಮುಚ್ಚುತ್ತವೆ, ನೀರು ಇಂಗುವುದಿಲ್ಲ, ಬೇರು ಉಸಿರಾಡಲಾರದೆ ಸಾಯುತ್ತದೆ. ನಾವು ತುಳಿದದ್ದು ಹುಲ್ಲಿನ ತಲೆಯನ್ನು, ಸತ್ತದ್ದು ಬುಡ. ಹುಲ್ಲಿಗೆ ಬದುಕುವ ಹಕ್ಕಿದೆ ಎಂದಾದರೆ, ನಡೆಯುವವನಿಗೆ ದಾಟುವ ಅಗತ್ಯವಿದೆ ಎಂದಾದರೆ, ಇಬ್ಬರ ನಡುವಿನ ರಾಜಿಯಾಗಿ ಬರುವುದೇ ಹೆಜ್ಜೆಗಲ್ಲು. ಇಷ್ಟು ಜಾಗದಲ್ಲಿ ಮಾತ್ರ ನಿನ್ನ ಭಾರ ಇಡು, ಉಳಿದದ್ದನ್ನು ಹುಲ್ಲಿಗೆ ಬಿಡು ಎನ್ನುತ್ತದೆ ಅದು.

ಕೆಲವು ವರ್ಷಗಳ ಹಿಂದೆ ನನ್ನ ಸ್ನೇಹಿತರೊಬ್ಬರ ಮನೆಯಲ್ಲಿ ಈ ರಾಜಿ ನಡೆಯುವುದನ್ನು ನೋಡುವ ಅವಕಾಶ ನನಗೆ ಸಿಕ್ಕಿತು. ನಿವೃತ್ತ ಇಂಜಿನಿಯರ್ ಅವರು. ನಿವೃತ್ತಿಯ ಹಣದಲ್ಲಿ ಕಟ್ಟಿಸಿದ ಮನೆಯ ಎಡಕ್ಕೆ ಲಾನ್ ಬೆಳೆಸಿದ್ದರು. ಗೇಟಿನಿಂದ ಮುಂಬಾಗಿಲಿಗೆ ಟೈಲ್ಸ್ ಹಾಕಿದ ಅಗಲ ದಾರಿಯಿತ್ತು. ಆದರೆ ಪಕ್ಕದ ಸಣ್ಣ ಗೇಟಿನಿಂದ ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿಗೆ ಹೋಗುವವರಿಗೆ ಹುಲ್ಲೇ ದಾರಿ. ಆರು ತಿಂಗಳಲ್ಲಿ ಅಲ್ಲೊಂದು ಬೋಳು ಗೆರೆ ಮೂಡಿತು. ಅವರು ಅಡ್ಡಲಾಗಿ ಹಗ್ಗ ಕಟ್ಟಿದರು. ಜನ ಹಗ್ಗದ ತುದಿ ಬಳಸಿ ಹೋದರು. ಹೂಕುಂಡ ಇಟ್ಟರು. ಕುಂಡದ ಎರಡೂ ಪಕ್ಕದಲ್ಲಿ ದಾರಿ ಬಿತ್ತು. ಒಂದು ಗೆರೆ ಇದ್ದಲ್ಲಿ ಮೂರಾಯಿತು. ಕೊನೆಗೆ ಕಲ್ಲು ಹಾಕಿಸುವುದೆಂದು ನಿರ್ಧಾರವಾಯಿತು.

ಬಂದ ಮೇಸ್ತ್ರಿ ವಯಸ್ಸಾದವರು, ಮಾತು ಕಡಿಮೆ. ಹೊಳಪು ಕೊಟ್ಟ ಕಡಪ ಕಲ್ಲು ಬೇಡ, ಮಳೆಯಲ್ಲಿ ಜಾರುತ್ತದೆ, ಒರಟು ಮೈಯ ಚಪ್ಪಡಿಯೇ ಇರಲಿ ಎಂದರು. ಸ್ನೇಹಿತರು ಕಾಗದದ ಮೇಲೆ ಲೆಕ್ಕ ಮಾಡಿ ಇಟ್ಟಿದ್ದರು: ಕಲ್ಲಿನ ನಡುವಿನಿಂದ ಕಲ್ಲಿನ ನಡುವಿಗೆ ಎರಡು ಅಡಿ. ಅದು ತಪ್ಪು ಲೆಕ್ಕವೇನಲ್ಲ. ತೋಟಗಾರಿಕೆಯ ಪುಸ್ತಕಗಳಲ್ಲಿ ಹೆಚ್ಚುಕಡಿಮೆ ಇದೇ ಅಳತೆ ಇರುತ್ತದೆ, ವಯಸ್ಕ ಮನುಷ್ಯ ಕೈಬೀಸಿ ನಡೆಯುವಾಗ ಹೆಜ್ಜೆ ಅಷ್ಟೇ ದೂರ ಬೀಳುತ್ತದೆ. ಮೇಸ್ತ್ರಿ ಕಾಗದ ನೋಡಿದರು, ಬೋಳು ಗೆರೆ ನೋಡಿದರು.

"ಸಾರ್, ಈ ದಾರೀಲಿ ದಿನಾ ಓಡಾಡೋರು ಯಾರು?"

ಓಡಾಡುವವರು ಮನೆಗೆಲಸದ ಹೆಂಗಸು, ಗ್ಯಾಸ್ ಸಿಲಿಂಡರ್ ತರುವ ಹುಡುಗ, ಬಟ್ಟೆ ಒಣಹಾಕಲು ಹೋಗುವ ಸ್ನೇಹಿತರ ವಯಸ್ಸಾದ ತಾಯಿ. ಮನೆಯ ಯಜಮಾನರು ಅಲ್ಲಿ ಕಾಲಿಡುತ್ತಿದ್ದದ್ದು ವಾರಕ್ಕೊಮ್ಮೆ, ಹುಲ್ಲು ಹೇಗಿದೆ ಎಂದು ನೋಡುವುದಕ್ಕೆ. ಮೇಸ್ತ್ರಿ ಕೆಲಸದ ಹೆಂಗಸನ್ನು ಕರೆದರು.

"ಅಕ್ಕಾ, ಬಕೆಟ್‌ ತುಂಬಾ ನೀರು ಹಿಡ್ಕೊಂಡು ಒಂದ್ಸಲ ಹಿಂಗೆ ನಡ್ಕೊಂಡು ಹೋಗಿ, ನೋಡಾಣ."

ಆಕೆ ಸಂಕೋಚದಿಂದಲೇ ನಡೆದಳು. ಸೀರೆಯ ನೆರಿಗೆ, ಬಲಗೈಯಲ್ಲಿ ಭಾರ, ಎಡಕ್ಕೆ ವಾಲಿದ ಮೈ. ಅವಳ ಕಾಲು ಬಿದ್ದಲ್ಲೆಲ್ಲ ಮೇಸ್ತ್ರಿ ಸುಣ್ಣದ ಪುಡಿಯ ಗುರುತು ಹಾಕಿದರು. ಅಳೆದು ನೋಡಿದಾಗ ಗುರುತಿನಿಂದ ಗುರುತಿಗೆ ಒಂದು ಮೊಳ, ಅಂದರೆ ಒಂದೂವರೆ ಅಡಿ. ಸ್ನೇಹಿತರಿಗೆ ಸಮಾಧಾನವಾಗಲಿಲ್ಲ. ಕಲ್ಲು ನಾಲ್ಕು ಹೆಚ್ಚು ಬೇಕಾಗುತ್ತದೆ, ಅಷ್ಟು ಒತ್ತೊತ್ತಾಗಿ ಇಟ್ಟರೆ ನೋಡಲು ಚೆನ್ನಾಗಿರುವುದಿಲ್ಲ, ತಮಗೆ ಅಲ್ಲಿ ನಡೆಯಲು ಮುಜುಗರವಾಗುತ್ತದೆ ಎಂದರು. ಮೇಸ್ತ್ರಿಯ ಉತ್ತರ ಒಂದೇ ಮಾತಿನದು.

"ನಿಮ್ಗೆ ಬೇಕಾದ್ರೆ ಒಂದು ಕಲ್ಲು ಬಿಟ್ಟು ಒಂದರ ಮೇಲೆ ಕಾಲಿಡಬೌದು ಸಾರ್. ದೂರ ಇಟ್ರೆ ಅಕ್ಕ ಹಾರಬೇಕಾಗ್ತದೆ."

ಈ ಮಾತನ್ನು ನಾನು ಆಮೇಲೆ ಬಹಳ ಸಲ ನೆನೆದಿದ್ದೇನೆ. ಇದರಲ್ಲಿ ಒಂದು ಪೂರ್ಣ ನ್ಯಾಯಶಾಸ್ತ್ರವಿದೆ ಎಂದರೆ ಉತ್ಪ್ರೇಕ್ಷೆಯಾಗದು. ಉದ್ದ ಕಾಲಿನವನು ಒತ್ತೊತ್ತಾದ ಕಲ್ಲುಗಳ ಮೇಲೆ ಬಂದಾಗ ಅವನಿಗೆ ಎರಡು ಆಯ್ಕೆಗಳಿವೆ: ಹೆಜ್ಜೆ ಸಣ್ಣದು ಮಾಡಿಕೊಳ್ಳಬಹುದು ಅಥವಾ ಒಂದು ಕಲ್ಲನ್ನು ದಾಟಬಹುದು. ಅವನು ಕಳೆದುಕೊಳ್ಳುವುದು ಸ್ವಲ್ಪ ಗತ್ತನ್ನು ಮಾತ್ರ. ಗಿಡ್ಡ ಕಾಲಿನವನು, ಭಾರ ಹೊತ್ತವನು, ಮಂಡಿ ನೋವಿನವನು ದೂರದೂರದ ಕಲ್ಲುಗಳ ಮೇಲೆ ಬಂದಾಗ ಅಂಥ ಆಯ್ಕೆ ಇಲ್ಲ. ಹಾರಬೇಕು, ಇಲ್ಲವೇ ಹುಲ್ಲಿನ ಮೇಲೆ ಕಾಲಿಟ್ಟು 'ದಾರಿ ಇದ್ದರೂ ಹುಲ್ಲು ತುಳಿಯುವವರು' ಎಂಬ ಬೈಗುಳ ಕೇಳಬೇಕು. ಒಬ್ಬನಿಗೆ ಆಗುವ ಅನನುಕೂಲ, ಇನ್ನೊಬ್ಬನಿಗೆ ಆಗುವ ಅಸಾಧ್ಯ, ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಸರಾಸರಿ ತೆಗೆಯುವುದು ಲೆಕ್ಕದಲ್ಲಿ ಸರಿಯಾಗಬಹುದು, ನ್ಯಾಯದಲ್ಲಿ ಸರಿಯಾಗದು. ಎರಡು ಅಡಿ ಎಂಬುದು ಸರಾಸರಿ. ಅದು ಯಾರ ಕಾಲಿನ ಸರಾಸರಿ ಎಂದು ಕೇಳಿದಾಗಲೇ ಅದರೊಳಗೆ ಕೈಬೀಸಿಕೊಂಡು, ಪ್ಯಾಂಟು ತೊಟ್ಟು ನಡೆಯುವ ಗಂಡಸೊಬ್ಬ ಅಡಗಿರುವುದು ಗೊತ್ತಾಗುವುದು.

ನಮ್ಮ ಸುತ್ತ ಇಂಥ ಅಡಗಿದ ಅಳತೆಗಳು ಎಷ್ಟಿಲ್ಲ! ಬಸ್ಸಿನ ಮೊದಲ ಮೆಟ್ಟಿಲಿನ ಎತ್ತರ ಯಾರ ಮಂಡಿಯ ಅಳತೆ? ಸರ್ಕಾರಿ ಕಚೇರಿಯ ಕಿಟಕಿ ಯಾರ ಮುಖಕ್ಕೆ ಸರಿಯಾಗಿದೆ? ಅರ್ಜಿ ನಮೂನೆಯ ಭಾಷೆ ಯಾರ ಓದಿನ ಅಳತೆ? ಇವನ್ನು ರೂಪಿಸಿದವರಲ್ಲಿ ಯಾರೂ ಕೆಟ್ಟವರಲ್ಲ. ತಮ್ಮ ಕಾಲನ್ನೇ ಎಲ್ಲರ ಕಾಲು ಎಂದು ನಂಬಿದವರು, ಅಷ್ಟೇ. ಹಿಂದಿನವರು ಗೇಣು, ಮೊಳ, ಮಾರು ಎಂದು ಮೈಯಿಂದಲೇ ಅಳೆಯುತ್ತಿದ್ದಾಗ ಕಡೇಪಕ್ಷ 'ಯಾರ ಮೊಳ?' ಎಂದು ಕೇಳಲು ಅವಕಾಶವಿತ್ತು. ಅಳತೆಪಟ್ಟಿ ಬಂದ ಮೇಲೆ ಆ ಪ್ರಶ್ನೆ ಕೇಳುವುದೇ ನಿಂತುಹೋಗಿದೆ.

ಇಲ್ಲಿ ಇನ್ನೊಂದು ಮಾತನ್ನೂ ಸೇರಿಸಬೇಕು. ಹೆಜ್ಜೆಗಲ್ಲು ಎಷ್ಟೇ ಒತ್ತಾಗಿದ್ದರೂ ಅದು ಹೆಜ್ಜೆ ಇಡಬಲ್ಲವರಿಗೆ ಮಾತ್ರ. ಗಾಲಿಕುರ್ಚಿಯಲ್ಲಿ ಬಂದವರಿಗೆ ಒಂದು ಮೊಳವೂ ಒಂದೇ, ಎರಡು ಅಡಿಯೂ ಒಂದೇ. ಎರಡು ಕಲ್ಲಿನ ನಡುವಿನ ಆರು ಅಂಗುಲದ ಹುಲ್ಲಿನಲ್ಲಿ ಚಕ್ರ ಸಿಕ್ಕಿಕೊಳ್ಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಜಾಗಗಳಲ್ಲಿ ಎಲ್ಲರಿಗೂ ಪ್ರವೇಶ ಸಿಗುವಂತೆ ಮಾಡುವುದನ್ನು ಸರ್ಕಾರದ ಹೊಣೆಯಾಗಿಸಿದೆ. ಹಾಗಾಗಿ ಒಂದು ಉದ್ಯಾನದಲ್ಲಿ ಅಂದದ ಹೆಜ್ಜೆಗಲ್ಲಿನ ದಾರಿ ಇದೆಯೆಂದರೆ, ಅದರ ಪಕ್ಕದಲ್ಲೇ ಸಮತಟ್ಟಾದ, ಕಡಿಯದ ಇನ್ನೊಂದು ದಾರಿಯೂ ಇರಬೇಕು. ಅತಿ ದುರ್ಬಲ ಕಾಲಿನ ಅಳತೆ ಎಂದು ಹೇಳಿ ನಾವು ತೃಪ್ತರಾದ ಕಡೆಯಲ್ಲೇ, ಆ ಅಳತೆಯೊಳಗೂ ಬಾರದ ಒಬ್ಬರು ಗೇಟಿನ ಹೊರಗೆ ಕಾಯುತ್ತಿರುತ್ತಾರೆ.

ಹೆಜ್ಜೆಗಲ್ಲನ್ನು ಒಂದು ಕಲೆಯ ಮಟ್ಟಕ್ಕೆ ಬೆಳೆಸಿದವರು ಜಪಾನಿನ ಚಹಾ ಗುರುಗಳು. ಚಹಾ ಮನೆಗೆ ಹೋಗುವ ಸಣ್ಣ ತೋಟದಲ್ಲಿ ಪಾಚಿಯ ನಡುವೆ ಅವರು ಇಡುತ್ತಿದ್ದ ಕಲ್ಲುಗಳಿಗೆ 'ತೊಬಿ-ಇಶಿ' ಎಂದು ಹೆಸರು. ಆ ಪರಂಪರೆಯಲ್ಲಿ ಒಂದು ಮಾತು ಉಳಿದುಬಂದಿದೆ. ಹದಿನಾರನೆಯ ಶತಮಾನದ ಮಹಾಗುರು ಸೆನ್ ನೊ ರಿಕ್ಯು ಕಲ್ಲು ಇಡುವಾಗ ಆರು ಪಾಲು ನಡೆಯುವ ಅನುಕೂಲಕ್ಕೆ, ನಾಲ್ಕು ಪಾಲು ನೋಡುವ ಚೆಂದಕ್ಕೆ ಗಮನ ಕೊಡಬೇಕೆಂದನಂತೆ. ಅವನ ಶಿಷ್ಯ ಫುರುತಾ ಒರಿಬೆ ಇದನ್ನು ತಿರುಗಿಸಿ ನಾಲ್ಕು ಪಾಲು ನಡಿಗೆಗೆ, ಆರು ಪಾಲು ಚೆಂದಕ್ಕೆ ಎಂದನಂತೆ. ಗುರು ಶಿಷ್ಯರ ನಡುವಿನ ಈ ಎರಡು ಪಾಲಿನ ವ್ಯತ್ಯಾಸವನ್ನು ನಾಲ್ಕು ಶತಮಾನಗಳಿಂದ ಜನ ಚರ್ಚಿಸುತ್ತಿದ್ದಾರೆ. ನನ್ನ ಸ್ನೇಹಿತರಿಗೂ ಮೇಸ್ತ್ರಿಗೂ ನಡೆದ ವಾದ ಅದೇ ಅಲ್ಲವೇ? ದಾರಿ ಇರುವುದು ಕಾಲಿಗೋ ಕಣ್ಣಿಗೋ? ಗಮನಿಸಬೇಕಾದದ್ದೆಂದರೆ ಇಬ್ಬರಲ್ಲಿ ಯಾರೂ ಹತ್ತಕ್ಕೆ ಹತ್ತನ್ನೂ ಒಂದೇ ಕಡೆಗೆ ಕೊಡಲಿಲ್ಲ. ಚೆಂದವೂ ಮನುಷ್ಯನ ಅಗತ್ಯವೇ. ಬಕೆಟ್ ಹೊತ್ತವಳಿಗೂ ಕಣ್ಣಿದೆ.

ಆದರೆ ಜಪಾನಿನ ಈ ತೋಟ ನನ್ನ ವಾದಕ್ಕೆ ಒಂದು ತೊಡಕನ್ನೂ ತಂದೊಡ್ಡುತ್ತದೆ. ಅಲ್ಲಿನ ಕಲ್ಲುಗಳು ನಡೆಯುವವನ ಸಹಜ ಹೆಜ್ಜೆಯನ್ನು ಅನುಸರಿಸುವುದಿಲ್ಲ. ಅವು ಬೇಕೆಂದೇ ಒತ್ತಾಗಿ, ಓರೆಕೋರೆಯಾಗಿ ಇರುತ್ತವೆ. ಅತಿಥಿ ತಲೆ ತಗ್ಗಿಸಿ, ಕಾಲು ನೋಡಿಕೊಂಡು, ನಿಧಾನವಾಗಿ ಬರಬೇಕು. ಹೊರಗಿನ ಗಡಿಬಿಡಿಯನ್ನು ಆ ದಾರಿಯಲ್ಲೇ ಕಳಚಿಕೊಳ್ಳಬೇಕು. ಎಲ್ಲೋ ಒಂದು ಕಡೆ ದೊಡ್ಡ ಕಲ್ಲೊಂದು ಬರುತ್ತದೆ, ಅಲ್ಲಿ ನಿಂತು ತಲೆ ಎತ್ತಿ ನೋಡಬಹುದು. ಅಂದರೆ ಕಲ್ಲು ಇಟ್ಟವನು ಅತಿಥಿಯ ನಡಿಗೆಯನ್ನು ತನಗೆ ಬೇಕಾದಂತೆ ಬದಲಾಯಿಸುತ್ತಿದ್ದಾನೆ. ಇದು ದಬ್ಬಾಳಿಕೆ ಅಲ್ಲವೇ?

ಅಲ್ಲ ಎಂದು ನನಗನ್ನಿಸುತ್ತದೆ. ಕಾರಣ, ಆ ದಾರಿ ಎಲ್ಲರಿಗೂ ಒಂದೇ. ವ್ಯಾಪಾರಿ ಬಂದರೂ ಸೇನಾಪತಿ ಬಂದರೂ ಅದೇ ಕಲ್ಲುಗಳ ಮೇಲೆ ಅದೇ ಸಣ್ಣ ಹೆಜ್ಜೆ ಇಡಬೇಕು. ದಾರಿಯ ಕೊನೆಯಲ್ಲಿರುವ ಚಹಾ ಮನೆಯ ಬಾಗಿಲು ಎರಡು ಅಡಿಗಿಂತ ತುಸು ಹೆಚ್ಚು ಎತ್ತರದ್ದು, ಸಮುರಾಯಿ ತನ್ನ ಕತ್ತಿಯನ್ನು ಹೊರಗೇ ಇಟ್ಟು ಮಂಡಿಯೂರಿ ಒಳಗೆ ತೆವಳಬೇಕಿತ್ತು. ದಾರಿ ಹಾಕಿದ ಗುರುವೂ ಅದೇ ಕಲ್ಲುಗಳನ್ನು ತುಳಿಯುತ್ತಿದ್ದ. ಆ ಗುರುವಿಗೆ ರಾಜದಂಡದ ಬಲವೂ ಇರಲಿಲ್ಲ. 1591ರಲ್ಲಿ ಆಳುವವನಾದ ಹಿದೆಯೋಶಿಯ ಆಜ್ಞೆಯಂತೆ ರಿಕ್ಯು ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳಬೇಕಾಯಿತು. 1615ರಲ್ಲಿ ಒರಿಬೆಗೂ ಅದೇ ಗತಿ ಬಂತು. ತನ್ನ ತೋಟದಲ್ಲಿ ದೊಡ್ಡವರ ಹೆಜ್ಜೆಯನ್ನು ಸಣ್ಣದು ಮಾಡಿಸಿದ ಮನುಷ್ಯ, ಚಿಕ್ಕವರ ಹೆಜ್ಜೆಯನ್ನು ಹಿಗ್ಗಿಸಲು ಹೊರಟಿರಲಿಲ್ಲ. ಹಾಗಾಗಿ ಇನ್ನೊಬ್ಬರ ನಡಿಗೆಯನ್ನು ತಿದ್ದುವುದೇ ತಪ್ಪು ಎಂದು ನಾನು ಹೇಳಲಾರೆ. ತಿದ್ದುವವನು ಅದೇ ದಾರಿಯಲ್ಲಿ ತಾನೂ ನಡೆಯುತ್ತಾನೆಯೇ, ತಿದ್ದುಪಡಿಯ ಕಷ್ಟ ಬಲಿಷ್ಠನ ಪಾಲಿಗೆ ಬೀಳುತ್ತದೆಯೇ ದುರ್ಬಲನ ಪಾಲಿಗೆ ಬೀಳುತ್ತದೆಯೇ ಎಂದು ಮಾತ್ರ ಕೇಳುತ್ತೇನೆ.

ಆ ತೋಟಗಳಲ್ಲಿ ಇನ್ನೊಂದು ಕಲ್ಲೂ ಇರುತ್ತದೆ. ಮುಷ್ಟಿಗಿಂತ ತುಸು ದೊಡ್ಡ ದುಂಡು ಕಲ್ಲು, ಅದಕ್ಕೆ ಅಡ್ಡಡ್ಡವಾಗಿ ಕಪ್ಪು ಹಗ್ಗ ಬಿಗಿದಿರುತ್ತಾರೆ. ಕವಲು ದಾರಿಯಲ್ಲಿ ಒಂದು ಹೆಜ್ಜೆಗಲ್ಲಿನ ಮೇಲೆ ಅದನ್ನು ಇಟ್ಟರೆ 'ದಯವಿಟ್ಟು ಈ ಕಡೆ ಬೇಡ' ಎಂದರ್ಥ. ಮಗುವೂ ಅದನ್ನು ದಾಟಬಲ್ಲದು. ಆದರೂ ಯಾರೂ ದಾಟುವುದಿಲ್ಲ. ನಮ್ಮ ಸ್ನೇಹಿತರ ಹಗ್ಗ ಸೋತ ಕಡೆ ಆ ಪುಟ್ಟ ಹಗ್ಗ ಗೆಲ್ಲುವುದೇಕೆ? ಅಲ್ಲಿ ಬೇಡ ಎನ್ನುವ ಕಲ್ಲಿನ ಪಕ್ಕದಲ್ಲೇ ಹೋಗಬೇಕಾದ ಕಡೆಗೆ ಇನ್ನೊಂದು ಒಳ್ಳೆಯ ದಾರಿ ಇದೆ. ನಮ್ಮಲ್ಲಿ ಬೇಡ ಎಂಬುದಷ್ಟೇ ಇತ್ತು. ಹೋಗಲೇಬೇಕಾದ ಮನುಷ್ಯನಿಗೆ ದಾರಿ ಕೊಡದೆ ಹಾಕಿದ ನಿಷೇಧ ಹೆಚ್ಚು ದಿನ ನಿಲ್ಲುವುದಿಲ್ಲ.

ಹಾಗಾದರೆ ಕಾಲು ಹೋದ ಕಡೆಯಲ್ಲೆಲ್ಲ ಕಲ್ಲು ಹಾಕುತ್ತಾ ಹೋದರೆ ಆಯಿತೇ? ಹೀಗೆ ವಾದಿಸುವವರೂ ಇದ್ದಾರೆ. ಷಿಕಾಗೋದ ಇಲಿನಾಯ್ ತಂತ್ರಜ್ಞಾನ ಸಂಸ್ಥೆಯಲ್ಲಿ 2003ರಲ್ಲಿ ತೆರೆದ ವಿದ್ಯಾರ್ಥಿ ಕೇಂದ್ರವನ್ನು ರೂಪಿಸುವಾಗ ವಾಸ್ತುಶಿಲ್ಪಿ ರೆಮ್ ಕೂಲ್ಹಾಸ್, ಆ ಜಾಗ ಖಾಲಿ ಇದ್ದಾಗ ವಿದ್ಯಾರ್ಥಿಗಳು ಅದನ್ನು ಹಾಯ್ದು ಹೋಗುತ್ತಿದ್ದ ಕಾಲುದಾರಿಗಳನ್ನು ಗುರುತಿಸಿಕೊಂಡ. ಅವನ್ನೇ ಕಟ್ಟಡದ ಒಳದಾರಿಗಳಾಗಿ ಉಳಿಸಿಕೊಂಡ. ಇದಕ್ಕೆ ತೀರಾ ವಿರುದ್ಧವಾದ ಮಾತನ್ನು 1925ರಲ್ಲಿ ನಗರ ಯೋಜನೆ ಕುರಿತ ತನ್ನ ಪುಸ್ತಕದಲ್ಲಿ ಹೇಳಿದವನು ಲ ಕಾರ್ಬುಸಿಯೆ. ಗುರಿಯುಳ್ಳ ಮನುಷ್ಯ ನೇರ ಗೆರೆಯಲ್ಲಿ ನಡೆಯುತ್ತಾನೆ, ಡೊಂಕು ದಾರಿ ಕತ್ತೆಯ ದಾರಿ ಎಂಬುದು ಅವನ ನಿಲುವು. ಮುಂದೆ ಚಂಡೀಗಢದ ಯೋಜನೆಯನ್ನು ರೂಪಿಸಿದವನೂ ಅವನೇ. ಕತ್ತೆಯ ಬಗ್ಗೆ ನನಗೆ ಅವನಿಗಿಂತ ಹೆಚ್ಚು ಗೌರವವಿದೆ. ಭಾರ ಹೊತ್ತ ಪ್ರಾಣಿ ಏರನ್ನು ಬಳಸಿ ಹೋಗುವುದು ದಡ್ಡತನದಿಂದಲ್ಲ, ಬೆನ್ನಿನ ಮೇಲೆ ಮೂಟೆ ಇರುವುದರಿಂದ.

ಕಾಲುದಾರಿಯನ್ನು ಗೌರವಿಸುವವರ ಪಕ್ಷವೇ ನನ್ನದು. ಆದರೂ ಒಂದು ಎಚ್ಚರ ಬೇಕು. ಬೋಳು ಗೆರೆ ಹೇಳುವುದು ನಡೆದವರ ಕತೆಯನ್ನು ಮಾತ್ರ. ನಡೆಯಲಾಗದೆ ಹಿಂದಿರುಗಿದವರು, ಬೈಗುಳಕ್ಕೆ ಹೆದರಿ ಬಳಸಿ ಹೋದವರು, ಕತ್ತಲಾಯಿತೆಂದು ಹೊರಡದೇ ಉಳಿದವರು, ಇವರ ಯಾರ ಗುರುತೂ ಹುಲ್ಲಿನ ಮೇಲೆ ಮೂಡಿರುವುದಿಲ್ಲ. ಸ್ನೇಹಿತರ ತಾಯಿ ಮಳೆಗಾಲದಲ್ಲಿ ಹಿತ್ತಿಲಿಗೆ ಹೋಗುವುದನ್ನೇ ಬಿಟ್ಟಿದ್ದರು ಎಂಬುದು ಕಲ್ಲು ಹಾಕಿದ ಮೇಲೆ ಅವರು ಮತ್ತೆ ಹೋಗತೊಡಗಿದಾಗಲೇ ಮನೆಯವರ ಗಮನಕ್ಕೆ ಬಂತು. ಬಹುಮತದ ಹೆಜ್ಜೆ ಗುರುತನ್ನು ಓದುವುದು ಸುಲಭ. ಬಾರದವರ ಗೈರುಹಾಜರಿಯನ್ನು ಓದಲು ಹೋಗಿ ಕೇಳಬೇಕು. ಮೇಸ್ತ್ರಿ ಗೆರೆಯನ್ನು ನೋಡಿಯಷ್ಟೇ ಬಿಡದೆ ಮನುಷ್ಯರನ್ನು ಕರೆದು ನಡೆಸಿದ್ದರ ಬೆಲೆ ಇರುವುದು ಇಲ್ಲಿ.

ಇನ್ನು ಕಲ್ಲು ಕೂರಿಸುವ ಕೆಲಸ. ಅದನ್ನು ಅವರು ಮಾಡಿದ ರೀತಿ ಹೀಗಿತ್ತು. ಚಪ್ಪಡಿಯನ್ನು ಗುರುತಿನ ಮೇಲಿಟ್ಟು ಸುತ್ತ ಸಲಿಕೆಯಿಂದ ಗೀರಿ, ಅಷ್ಟಗಲದ ಹುಲ್ಲನ್ನು ಬೇರು ಮಣ್ಣಿನ ಸಮೇತ ಎತ್ತಿ ಬದಿಗಿಟ್ಟರು. ಹಿಂದೆ ಬೋಳಾಗಿದ್ದ ಜಾಗಗಳಿಗೆ ಆಮೇಲೆ ಅದೇ ಹುಲ್ಲನ್ನು ತೇಪೆ ಹಾಕಿದರು. ಕಲ್ಲಿನ ದಪ್ಪಕ್ಕಿಂತ ಎರಡು ಅಂಗುಲ ಹೆಚ್ಚು ಆಳ ತೆಗೆದು, ಮರಳು ಹಾಸಿ, ಕಲ್ಲನ್ನು ಕೂರಿಸಿ, ರಬ್ಬರ್ ಸುತ್ತಿಗೆಯಿಂದ ನಾಲ್ಕು ಮೂಲೆಗೂ ಬಡಿದರು. ರಸಮಟ್ಟ ಇಟ್ಟು ನೋಡಿ, ನೀರು ನಿಲ್ಲದಂತೆ ಒಂದು ಕಡೆಗೆ ಕೂದಲೆಳೆಯಷ್ಟು ಇಳಿಜಾರು ಬಿಟ್ಟರು. ಕಲ್ಲಿನ ಮೈ ಹುಲ್ಲಿನ ಬುಡದ ಮಟ್ಟಕ್ಕಿಂತ ಒಂದಿಷ್ಟೂ ಮೇಲೆ ಬಾರದಂತೆ ನೋಡಿಕೊಂಡರು. ಮೇಲೆ ಬಂದರೆ ಕಾಲಿಗೆ ಎಡವುತ್ತದೆ, ಹುಲ್ಲು ಕತ್ತರಿಸುವ ಯಂತ್ರದ ಅಲಗೂ ತಾಗುತ್ತದೆ. ತೀರಾ ಕೆಳಗಾದರೆ ಕೆಸರು ನಿಲ್ಲುತ್ತದೆ. ಒಂದು ಅಂಗುಲದ ವ್ಯತ್ಯಾಸದಲ್ಲಿ ದಾರಿಯ ಕಲ್ಲು ಎಡವುಗಲ್ಲಾಗುತ್ತದೆ. ಕೊನೆಗೆ ಪ್ರತಿಯೊಂದು ಕಲ್ಲಿನ ನಾಲ್ಕೂ ಮೂಲೆಯ ಮೇಲೆ ತಾವೇ ನಿಂತು, ಮೈಭಾರ ಹಾಕಿ ಅಲುಗಿಸಿದರು. ಎರಡು ಕಲ್ಲು ಅಲುಗಿದವು. ಅವನ್ನು ಮತ್ತೆ ಎತ್ತಿಸಿದರು.

ಅಲುಗುವ ಕಲ್ಲು ಕಲ್ಲೇ ಇಲ್ಲದ ಜಾಗಕ್ಕಿಂತ ಅಪಾಯ. ಕಲ್ಲಿಲ್ಲದ ಕಡೆ ಮನುಷ್ಯ ನೋಡಿಕೊಂಡು ನಡೆಯುತ್ತಾನೆ. ಕಲ್ಲು ಕಂಡ ಕಡೆ ನಂಬಿ ಪೂರ್ತಿ ಭಾರ ಬಿಡುತ್ತಾನೆ. ಕಾನೂನು ಇದೆ, ಯೋಜನೆ ಇದೆ, ಸಹಾಯವಾಣಿ ಇದೆ ಎಂದು ನಂಬಿ ಬಡವನೊಬ್ಬ ತನ್ನ ಭಾರವನ್ನೆಲ್ಲ ಅದರ ಮೇಲೆ ಬಿಟ್ಟಾಗ ಅದು ಅಲುಗಿದರೆ, ಅವನು ಬೀಳುವುದಷ್ಟೇ ಅಲ್ಲ, ಮುಂದಿನ ಗಟ್ಟಿ ಕಲ್ಲನ್ನೂ ನಂಬುವುದನ್ನು ಬಿಡುತ್ತಾನೆ. ದಾರಿ ಹಾಕುವವನು ತನ್ನ ಮೈಭಾರವನ್ನು ಮೊದಲು ಹಾಕಿ ನೋಡಬೇಕೆಂಬುದು ಗಾರೆ ಕೆಲಸದ ನಿಯಮ. ಅದು ಇನ್ನೂ ಅನೇಕ ಕೆಲಸಗಳ ನಿಯಮವಾಗಬೇಕಿತ್ತು.

ಇಷ್ಟೆಲ್ಲ ರಗಳೆ ಏಕೆ, ಉದ್ದಕ್ಕೂ ಕಾಂಕ್ರೀಟ್ ಹಾಕಿಬಿಡಬಹುದಲ್ಲ ಎಂದು ನೆರೆಯವರೊಬ್ಬರು ಕೇಳಿದ್ದರು. ಎಲ್ಲ ಮನೆಗಳ ಸುತ್ತ ಈಗ ನಡೆಯುತ್ತಿರುವುದೂ ಅದೇ. ಮಳೆನೀರಿಗೆ ಇಂಗಲು ಜಾಗವಿಲ್ಲದೆ ಅದು ಬೀದಿಗೆ ಹರಿಯುತ್ತದೆ. ನೀತಿಯ ವಿಷಯದಲ್ಲೂ ಕಾಂಕ್ರೀಟ್ ಹಾಕುವವರಿದ್ದಾರೆ. ಪ್ರತಿ ಅಂಗುಲಕ್ಕೂ ಒಂದು ನಿಯಮ, ಪ್ರತಿ ನಿಯಮಕ್ಕೂ ಒಬ್ಬ ಕಾವಲುಗಾರ. ಹೆಜ್ಜೆಗಲ್ಲಿನ ಜಾಣತನ ಇರುವುದು ಅದು ಬಿಟ್ಟ ಜಾಗದಲ್ಲಿ. ಕಾಲು ಊರುವ ಕಡೆ ಮಾತ್ರ ಅದು ಗಟ್ಟಿ, ಉಳಿದ ಕಡೆ ಹುಲ್ಲು. ಮಗುವಿನ ಕಾಲು ತಪ್ಪಿದರೆ ಬೀಳುವುದು ಮೆತ್ತನೆಯ ನೆಲದ ಮೇಲೆ. ಎಡವಿದವನಿಗೆ ಎದ್ದು ಮತ್ತೆ ಮುಂದಿನ ಕಲ್ಲಿಗೆ ಬರುವ ಅವಕಾಶವಿರುತ್ತದೆ. ಮನೆಯೊಂದರಲ್ಲಿ, ಸಮುದಾಯವೊಂದರಲ್ಲಿ ಬಾಳುವ ರೀತಿಗೆ ಕೆಲವು ಗಟ್ಟಿ ಕಲ್ಲುಗಳು ಬೇಕು, ಅವುಗಳ ನಡುವೆ ಉಸಿರಾಡುವ ಹುಲ್ಲೂ ಬೇಕು. ಕಲ್ಲಿಲ್ಲದಿದ್ದರೆ ಕೆಸರು, ಹುಲ್ಲಿಲ್ಲದಿದ್ದರೆ ಕಾದ ಕಾಂಕ್ರೀಟ್.

ಉರ್ದುವಿನಲ್ಲಿ 'ನಕ್ಷೆ ಕದಮ್' ಎಂಬ ಮಾತಿದೆ, ಹೆಜ್ಜೆ ಗುರುತು ಎಂದರ್ಥ. ಹಿರಿಯರ ನಕ್ಷೆ ಕದಮ್ ಮೇಲೆ ನಡೆಯಬೇಕು ಎಂದು ನಮಗೆಲ್ಲ ಹೇಳಿಕೊಟ್ಟಿದ್ದಾರೆ. ಒಳ್ಳೆಯ ಮಾತು. ಆದರೆ ಹೂತ ಕಲ್ಲು ಕೂಡ ಹೂತ ಹಾಗೇ ಇರುವುದಿಲ್ಲ. ಎರಡು ಮಳೆಗಾಲ ಕಳೆದರೆ ಒಂದು ಮೂಲೆ ಕುಸಿಯುತ್ತದೆ, ಹುಲ್ಲು ನಾಲ್ಕೂ ಕಡೆಯಿಂದ ಹರಿದು ಬಂದು ಕಲ್ಲಿನ ಅಂಚನ್ನು ನುಂಗುತ್ತದೆ. ಆಗ ಅಂಚು ಸವರಬೇಕು, ಕಲ್ಲನ್ನು ಎತ್ತಬೇಕು, ಕೆಳಗೆ ಹೊಸ ಮರಳು ಹಾಕಿ ಮತ್ತೆ ಕೂರಿಸಬೇಕು. ಹಾಗೆ ಎತ್ತಿದಾಗ ಮನೆಯಲ್ಲಿ ಈಗ ನಡೆಯುತ್ತಿರುವವರು ಯಾರು ಎಂದು ಮತ್ತೊಮ್ಮೆ ನೋಡಿದರೆ ತಪ್ಪಿಲ್ಲ. ಅಜ್ಜನ ಹೆಜ್ಜೆಗೆಂದು ಇಟ್ಟ ಕಲ್ಲನ್ನು ಮೊಮ್ಮಗಳ ಕಾಲಿಗೆ ತಕ್ಕಂತೆ ಅರ್ಧ ಗೇಣು ಸರಿಸಿದರೆ ಅಜ್ಜನಿಗೆ ಅಗೌರವವಾಗುವುದಿಲ್ಲ. ಕಲ್ಲು ಅದೇ, ದಾರಿ ಅದೇ, ತಲುಪುವ ಜಾಗವೂ ಅದೇ.

ಆದ್ದರಿಂದ ಮನೆಯ ಮುಂದೆ ಕಲ್ಲು ಹಾಕಿಸುವವರಿಗೆ ನನ್ನ ಸಲಹೆ ಸರಳವಾದದ್ದು. ಒಂದೇ ದಿನದಲ್ಲಿ ಹೂಳಿಸಬೇಡಿ. ಚಪ್ಪಡಿಗಳನ್ನು ಹುಲ್ಲಿನ ಮೇಲೆ ಸುಮ್ಮನೆ ಇಟ್ಟು ಎರಡು ದಿನ ಬಿಡಿ. ಹುಲ್ಲು ಕೊಂಚ ಹಳದಿಯಾದೀತು, ಮತ್ತೆ ಚಿಗುರುತ್ತದೆ. ಆ ಎರಡು ದಿನ ಮನೆಯವರೆಲ್ಲ ಅದರ ಮೇಲೆ ಓಡಾಡಲಿ. ಮಕ್ಕಳು, ಮುದುಕರು, ಹಿಂಬಾಗಿಲಿನಿಂದ ಬರುವವರು, ತಲೆಯ ಮೇಲೋ ಕೈಯಲ್ಲೋ ಭಾರ ಇರುವವರು, ಎಲ್ಲರೂ. ಯಾರ ಕಾಲು ಕಲ್ಲು ತಪ್ಪಿ ಹುಲ್ಲಿಗೆ ಬೀಳುತ್ತದೆಯೋ ನೋಡಿ. ಬಿದ್ದ ಕಡೆಗೆ ಕಲ್ಲನ್ನು ಸರಿಸಿ. ಗುದ್ದಲಿ ಹಿಡಿಯುವುದು ಅದಾದ ಮೇಲೆ.